ಸಾರಿ ಹೇಳಿಸಿ ಕೈ ಕುಲುಕಿಸಿದರೆ ಮುಗಿಯಿತಾ?

ನಮ್ಮ ಕಡೆ ಶಾಲೆಗಳಲ್ಲಿ ಒಂದು ಪದ್ಧತಿ ಇದೆ. ಒಬ್ಬ ಹುಡುಗ ಇನ್ನೊಬ್ಬನಿಗೆ ತಿಂಗಳುಗಟ್ಟಲೆ ಕಾಟ ಕೊಟ್ಟಿರುತ್ತಾನೆ, ವಿಷಯ ಹೇಗೋ ಸ್ಟಾಫ್ ರೂಮಿಗೆ ಬರುತ್ತದೆ, ಇಬ್ಬರನ್ನೂ ಕರೆಸಿ ಅಕ್ಕಪಕ್ಕ ನಿಲ್ಲಿಸಿ, "ನೀನು ಸಾರಿ ಹೇಳು, ನೀನು ಪರವಾಗಿಲ್ಲ ಅನ್ನು, ಶೇಕ್ ಹ್ಯಾಂಡ್ ಮಾಡಿ, ಹೋಗಿ ಕ್ಲಾಸಿಗೆ" ಅಂತ ಕಳಿಸುತ್ತಾರೆ. ಐದು ನಿಮಿಷದ ಕೆಲಸ. ಆಮೇಲೆ ಟೀ ಬರುತ್ತದೆ. ಎಲ್ಲರಿಗೂ ಏನೋ ಒಳ್ಳೆಯದು ಮಾಡಿದ ಸಮಾಧಾನ.

ಇದರಷ್ಟು ಕೆಟ್ಟ ಪರಿಹಾರ ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ. ಬೈದು ಸುಮ್ಮನಾಗುವುದೂ ಇದಕ್ಕಿಂತ ವಾಸಿ.

ನನ್ನ ಕೆಲಸ ಆಪ್ತ ಸಮಾಲೋಚನೆ. ಕೋಲಾರದಲ್ಲಿ ಮನೆ, ಮುಳಬಾಗಿಲು, ಶ್ರೀನಿವಾಸಪುರ, ಬಂಗಾರಪೇಟೆ ಕಡೆ ಶಾಲೆಗಳಿಗೆ ಓಡಾಟ. ಹಾಗಾಗಿ ಮಕ್ಕಳನ್ನು ಮಾತ್ರ ಅಲ್ಲ, ಮೇಷ್ಟ್ರುಗಳು, ಡಾಕ್ಟರುಗಳು, ಪೊಲೀಸರು ಈ ವಿಷಯವನ್ನು ಹೇಗೆ ನೋಡುತ್ತಾರೆ ಅನ್ನೋದನ್ನೂ ಹತ್ತಿರದಿಂದ ನೋಡುತ್ತಿರುತ್ತೇನೆ. ಯಾರೂ ಕೆಟ್ಟವರಲ್ಲ. ಆದರೆ ಒಬ್ಬೊಬ್ಬರಿಗೂ ತಮ್ಮ ರಿಜಿಸ್ಟರಿನಲ್ಲಿ ಬರೆಯಲು ಆಗುವಷ್ಟೇ ಕಾಣುತ್ತದೆ, ಮಿಕ್ಕಿದ್ದು ಕಾಣುವುದಿಲ್ಲ.

ಮೊದಲು ಜಗಳಕ್ಕೂ ಬುಲ್ಲಿಯಿಂಗ್‌ಗೂ ಇರುವ ವ್ಯತ್ಯಾಸ ಹೇಳಿಬಿಡುತ್ತೇನೆ, ಯಾಕೆಂದರೆ ಎಡವಟ್ಟೆಲ್ಲ ಶುರುವಾಗುವುದು ಅಲ್ಲಿಂದಲೇ. ಡಾನ್ ಓಲ್ವೇಯಸ್ ಅಂತ ಒಬ್ಬ ಮನಶ್ಶಾಸ್ತ್ರಜ್ಞ ಇದ್ದರು. ಸ್ವೀಡನ್ನಿನವರು, ನಾರ್ವೆಯಲ್ಲಿ ಕೆಲಸ ಮಾಡಿದವರು, 2020ರಲ್ಲಿ ತೀರಿಕೊಂಡರು. 1970ರ ದಶಕದಲ್ಲೇ ಶಾಲೆಯೊಳಗಿನ ಕಾಟದ ಬಗ್ಗೆ ಕೂತು ಅಧ್ಯಯನ ಮಾಡಿದ ಮೊದಲಿಗರಲ್ಲಿ ಅವರೂ ಒಬ್ಬರು. ನಾರ್ವೆಯಲ್ಲಿ ಮೂವರು ಹುಡುಗರು ಜೊತೆಯವರ ಕಾಟ ತಾಳಲಾರದೆ ಜೀವ ಕಳೆದುಕೊಂಡ ಮೇಲೆ ಅಲ್ಲಿನ ಸರ್ಕಾರ 1983ರಲ್ಲಿ ದೇಶದ ಶಾಲೆಗಳಲ್ಲೆಲ್ಲ ಅಭಿಯಾನ ಶುರುಮಾಡಿತು, ಅದರಲ್ಲಿ ಇವರ ಪಾತ್ರ ದೊಡ್ಡದು. ಬುಲ್ಲಿಯಿಂಗ್‌ಗೆ ಅವರು ಹೇಳಿದ ಗುರುತು ಮೂರು. ಬೇಕಂತಲೇ ನೋಯಿಸುವುದು. ಮತ್ತೆ ಮತ್ತೆ ನೋಯಿಸುವುದು. ಇಬ್ಬರ ಬಲದಲ್ಲಿ ಸಮ ಇಲ್ಲದಿರುವುದು.

ಮೂರನೆಯದನ್ನು ನಮ್ಮವರು ಮರೆತುಬಿಡುತ್ತಾರೆ. ಕ್ರಿಕೆಟ್ ಆಡುವಾಗ ಔಟಾ ಅಲ್ವಾ ಅಂತ ಇಬ್ಬರು ಹೊಡೆದಾಡಿಕೊಂಡರೆ ಅದು ಜಗಳ. ಅಲ್ಲಿ ರಾಜಿ ಮಾಡಿಸಿ, ತಪ್ಪಿಲ್ಲ. ಆದರೆ ಒಬ್ಬನ ಹಿಂದೆ ಎಂಟು ಜನ ಇದ್ದು ಇನ್ನೊಬ್ಬನ ಹಿಂದೆ ಯಾರೂ ಇಲ್ಲದಿದ್ದಾಗ "ಇಬ್ಬರೂ ಹೊಂದಿಕೊಂಡು ಹೋಗಿ" ಅಂದರೆ ಏನರ್ಥ? ಪೆಟ್ಟು ತಿಂದವನದೂ ಅರ್ಧ ತಪ್ಪಿದೆ ಅಂತ ದೊಡ್ಡವರೇ ಒಪ್ಪಿದ ಹಾಗಾಯಿತು. ಕಾಟ ಕೊಟ್ಟವನನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡು "ಏನಾಯ್ತು ಹೇಳಪ್ಪ, ಹೆದರಬೇಡ" ಅಂದರೆ ಯಾವ ಮಗು ಬಾಯಿ ಬಿಡುತ್ತದೆ? ಕೈ ಕುಲುಕಿ ಹೊರಗೆ ಬಂದ ಮೇಲೆ ಕಾರಿಡಾರಿನಲ್ಲಿ "ಮಿಸ್‌ಗೆ ಹೇಳ್ತೀಯೇನೋ" ಅಂತ ಎರಡನೇ ಕಂತು ಶುರುವಾಗುತ್ತದೆ. ಆ ಮಗು ಮತ್ತೆ ಯಾವತ್ತೂ ಸ್ಟಾಫ್ ರೂಮಿನ ಕಡೆ ತಲೆ ಹಾಕುವುದಿಲ್ಲ. ಮೇಷ್ಟ್ರು ಅಂದುಕೊಳ್ಳುತ್ತಾರೆ, ಈಗ ಕಂಪ್ಲೇಂಟ್ ಬರ್ತಿಲ್ಲ, ಸರಿಹೋಯ್ತು ಅಂತ.

ಒಂದು ಪ್ರಸಂಗ ಹೇಳುತ್ತೇನೆ. ಗುರುತು ಸಿಗದ ಹಾಗೆ ಅಲ್ಲಲ್ಲಿ ಬದಲಾಯಿಸಿದ್ದೇನೆ. ಆಂಧ್ರದ ಗಡಿಗೆ ಅಂಟಿಕೊಂಡಿರುವ ಹಳ್ಳಿಯ ಹುಡುಗ, ಮನೆಯಲ್ಲಿ ತೆಲುಗು. ಕೋಲಾರ ಜಿಲ್ಲೆಯಲ್ಲಿ ಇದೇನು ವಿಶೇಷ ಅಲ್ಲ, ಅರ್ಧ ಊರುಗಳಲ್ಲಿ ಮನೆಮಾತು ತೆಲುಗೇ, ಕೆಜಿಎಫ್‌ಗೆ ಹೋದರೆ ತಮಿಳು. ಅಪ್ಪ ಟೊಮೆಟೊದಲ್ಲಿ ಒಂದು ಸಲ ಕೈತುಂಬಾ ದುಡ್ಡು ನೋಡಿದರು, ಮಗನನ್ನು ಟೌನಿನ ಇಂಗ್ಲಿಷ್ ಮೀಡಿಯಂಗೆ ಹಾಕಿದರು. ಹುಡುಗ ಕನ್ನಡ ಪಾಠ ಓದುವಾಗ ರಾಗ ಎಳೆಯುತ್ತಾನೆ, ನಡುವೆ ತೆಲುಗು ಪದ ಬಂದುಬಿಡುತ್ತದೆ. ಮೊದಲು ನಕ್ಕರು. ಆಮೇಲೆ ಅದೇ ರಾಗದಲ್ಲಿ ಅವನ ಹೆಸರು ಕರೆಯಲು ಶುರುಮಾಡಿದರು. ಆಮೇಲೆ ಟ್ಯೂಷನ್‌ನಲ್ಲಿ ಯಾರೋ ಅವನು ಓದುವುದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಮ್ಯೂಸಿಕ್ ಹಾಕಿ, ವಾಟ್ಸಾಪ್ ಗ್ರೂಪಿಗೆ ಬಿಟ್ಟರು. ಅವನ ಮುಖದ ಸ್ಟಿಕರ್ ಆಯಿತು. ಒಂದು ವಾರದಲ್ಲಿ ಪಕ್ಕದ ಶಾಲೆಯ ಹುಡುಗರೂ ಬಸ್ ಸ್ಟ್ಯಾಂಡಿನಲ್ಲಿ ಅವನನ್ನು ಆ ರಾಗದಲ್ಲೇ ಕರೆಯತೊಡಗಿದರು.

ಈಗ ನೋಡಿ, ಯಾರ ಹತ್ತಿರ ಹೋಗಬೇಕು? ಅವನ ಅಮ್ಮ ಎಲ್ಲರ ಹತ್ತಿರವೂ ಹೋದರು. ಹೆಡ್‌ಮಾಸ್ಟರ್ ಹೇಳಿದ್ದು, "ನಮ್ಮ ಕಾಂಪೌಂಡ್ ಒಳಗೆ ಆಗಿದ್ದಲ್ಲಮ್ಮ, ಮೊಬೈಲ್ ನಾವು ಬಿಡೋದೇ ಇಲ್ಲ." ಟ್ಯೂಷನ್ ಮೇಷ್ಟ್ರು, "ನಾನು ಪಾಠ ಹೇಳೋನು, ಅವರ ಫೋನಿನೊಳಗೆ ಏನಿದೆ ಅಂತ ನಾನು ನೋಡಕ್ಕಾಗುತ್ತಾ?" ಠಾಣೆಯಲ್ಲಿ ಮರ್ಯಾದೆಯಾಗಿಯೇ ಮಾತಾಡಿದರಂತೆ, "ಇದರಲ್ಲಿ ಅಶ್ಲೀಲ ಏನೂ ಇಲ್ಲ, ಬೆದರಿಕೆ ಇಲ್ಲ, ಯಾವ ಸೆಕ್ಷನ್ ಹಾಕಲಿ ಹೇಳಿ." ಅಷ್ಟು ಹೊತ್ತಿಗೆ ಹುಡುಗನಿಗೆ ಬೆಳಗ್ಗೆ ಹೊತ್ತು ಹೊಟ್ಟೆನೋವು ಶುರುವಾಗಿತ್ತು. ಡಾಕ್ಟರ್ ಸ್ಕ್ಯಾನ್ ಮಾಡಿಸಿ, ಎಲ್ಲ ನಾರ್ಮಲ್ ಅಂತ ಹೇಳಿ, ಗ್ಯಾಸ್ಟ್ರಿಕ್ ಸಿರಪ್ ಕೊಟ್ಟು ಕಳಿಸಿದ್ದರು.

ಪ್ರತಿಯೊಬ್ಬರೂ ಹೇಳಿದ್ದು ಅವರವರ ಮಟ್ಟಿಗೆ ನಿಜವೇ. ಅದೇ ಸಿಟ್ಟು ಬರಿಸುವುದು.

ಡಾಕ್ಟರ್ ವಿಷಯಕ್ಕೆ ಬರೋಣ. ಸ್ಕೂಲ್ ಇರುವ ದಿನ ಬೆಳಗ್ಗೆ ಬಂದು, ಭಾನುವಾರ ಮಾಯವಾಗುವ ಹೊಟ್ಟೆನೋವು, ತಲೆನೋವು. ನಿದ್ದೆ ಬರದಿರುವುದು, ಹಾಸಿಗೆ ಒದ್ದೆ ಮಾಡಿಕೊಳ್ಳುವುದು. ಕಾಟ ಅನುಭವಿಸುವ ಮಕ್ಕಳಲ್ಲಿ ಇವು ಜಾಸ್ತಿ ಅನ್ನುವುದು ಎಷ್ಟೋ ದೇಶಗಳ ಅಧ್ಯಯನಗಳಲ್ಲಿ ಕಂಡಿದೆ. ಆ ನೋವು ನಾಟಕ ಅಲ್ಲ, ಮಗುವಿಗೆ ನಿಜವಾಗಿಯೂ ನೋಯುತ್ತದೆ. ಓಪಿಡಿಯಲ್ಲಿ ಸಾಲು ನಿಂತಿರುವಾಗ ಡಾಕ್ಟರಿಗೆ ಕೂತು ವಿಚಾರಿಸಲು ಸಮಯ ಇಲ್ಲ ಅನ್ನುವುದು ನನಗೂ ಗೊತ್ತು. ಆದರೂ ಅಮ್ಮನನ್ನು ಎರಡು ನಿಮಿಷ ಹೊರಗೆ ಕೂರಿಸಿ "ಸ್ಕೂಲಲ್ಲಿ ಊಟ ಯಾರ ಜೊತೆ ಕೂತು ಮಾಡ್ತೀಯ?" ಅಂತ ಒಂದು ಮಾತು ಕೇಳಬಹುದು. "ನಿನಗೆ ಯಾರಾದರೂ ತೊಂದರೆ ಕೊಡ್ತಾರಾ?" ಅಂದರೆ ಮಕ್ಕಳು ಇಲ್ಲ ಅಂತಲೇ ತಲೆ ಅಲ್ಲಾಡಿಸುತ್ತಾರೆ. ಊಟದ ಪ್ರಶ್ನೆಗೆ ಹಾಗೆ ತಪ್ಪಿಸಿಕೊಳ್ಳುವುದು ಕಷ್ಟ. ನಮ್ಮ ಕಡೆಯ ಒಬ್ಬ ಮಕ್ಕಳ ಡಾಕ್ಟರ್ ಇದನ್ನೇ ರೂಢಿ ಮಾಡಿಕೊಂಡಿದ್ದಾರೆ, ಅವರು ನನ್ನ ಹತ್ತಿರ ಕಳಿಸುವ ಮಕ್ಕಳಲ್ಲಿ ಸುಮ್ಮನೆ ಬಂದವರು ಕಡಿಮೆ.

ಮಕ್ಕಳು ದೊಡ್ಡವರಾದ ಮೇಲೆ ಮರೆಯುತ್ತಾರೆ ಬಿಡಿ ಅನ್ನುವವರಿಗೆ ಒಂದು ಮಾತು. ಬ್ರಿಟನ್ನಿನಲ್ಲಿ 1958ರಲ್ಲಿ ಒಂದೇ ವಾರದಲ್ಲಿ ಹುಟ್ಟಿದ ಸಾವಿರಾರು ಮಕ್ಕಳನ್ನು ಜೀವನದುದ್ದಕ್ಕೂ ಗಮನಿಸುತ್ತಾ ಬಂದಿದ್ದಾರೆ. ಏಳನೇ ವಯಸ್ಸಿಗೆ, ಹನ್ನೊಂದನೇ ವಯಸ್ಸಿಗೆ ಮಗುವಿಗೆ ಬೇರೆ ಮಕ್ಕಳಿಂದ ಕಾಟ ಇದೆಯಾ ಅಂತ ಅಪ್ಪ ಅಮ್ಮಂದಿರನ್ನು ಕೇಳಿ ಬರೆದುಕೊಂಡಿದ್ದರು. 2014ರಲ್ಲಿ ಅದರ ಫಲಿತಾಂಶ ಬಂತು. ಪದೇ ಪದೇ ಕಾಟ ಅನುಭವಿಸಿದವರಲ್ಲಿ 45 ವರ್ಷ ಆದಾಗಲೂ ಖಿನ್ನತೆ ಜಾಸ್ತಿ, 50ಕ್ಕೆ ಬಂದಾಗಲೂ ಹತ್ತಿರದವರ ಜೊತೆ ಸಂಬಂಧ ಕಡಿಮೆ, ದುಡಿಮೆಯಲ್ಲೂ ಹಿಂದೆ. ನಾಲ್ಕು ದಶಕ ಆದಮೇಲೆ!

ಮೇಷ್ಟ್ರುಗಳ ಬಗ್ಗೆ ಬರೆಯುವಾಗ ಕೈ ಸ್ವಲ್ಪ ತಡೆಯುತ್ತದೆ. ಮೊಟ್ಟೆ ಲೆಕ್ಕ, ಎಸ್‌ಎಟಿಎಸ್ (ಮಕ್ಕಳ ಮಾಹಿತಿಯ ಆನ್‌ಲೈನ್ ದಾಖಲೆ) ಎಂಟ್ರಿ, ಚುನಾವಣೆ ಡ್ಯೂಟಿ, ಗಣತಿ, ಇದರ ಮಧ್ಯೆ ಪಾಠ, ಅದರ ಮೇಲೆ ನಾನು ಹೋಗಿ "ಸಾರ್, ಮಕ್ಕಳ ಸಂಬಂಧಗಳನ್ನ ಗಮನಿಸಿ" ಅಂದರೆ ನನ್ನನ್ನು ನೋಡುವ ನೋಟ ಹೇಗಿರುತ್ತದೆ ಅಂತ ಊಹಿಸಿಕೊಳ್ಳಿ. ಆದರೂ ಹೇಳಲೇಬೇಕು. ಹೊಡೆತ ಬಿದ್ದರೆ ಮೇಷ್ಟ್ರು ಓಡಿ ಬರುತ್ತಾರೆ. ಮಾತು ಬಿಟ್ಟರೆ ಬರುವುದಿಲ್ಲ. ಒಂಬತ್ತನೇ ಕ್ಲಾಸಿನ ಹುಡುಗಿಯರೆಲ್ಲ ಸೇರಿ ಒಬ್ಬಳ ಜೊತೆ ಮಾತು ಬಿಡುತ್ತಾರೆ, ಅವಳನ್ನು ಬಿಟ್ಟು ಇನ್ನೊಂದು ಗ್ರೂಪ್ ಮಾಡುತ್ತಾರೆ, ಅವಳು ಬಂದ ತಕ್ಷಣ ಬೆಂಚು ಖಾಲಿಯಾಗುತ್ತದೆ. "ಹೆಣ್ಣುಮಕ್ಕಳ ಸಣ್ಣಪುಟ್ಟದ್ದು, ನಾಳೆ ಒಂದಾಗ್ತಾರೆ" ಅನ್ನುತ್ತಾರೆ. ಶಿಕ್ಷಕರು ಹೊಡೆತಕ್ಕೆ ಕೊಡುವ ಬೆಲೆಯನ್ನು ಈ ದೂರ ಇಡುವುದಕ್ಕೆ ಕೊಡುವುದಿಲ್ಲ ಅನ್ನುವುದು ಬೇರೆ ದೇಶಗಳ ಅಧ್ಯಯನಗಳಲ್ಲೂ ಮತ್ತೆ ಮತ್ತೆ ಕಂಡ ವಿಷಯ. ಹಾಗಾಗಿ ಇದು ನಮ್ಮ ಮೇಷ್ಟ್ರುಗಳ ದೋಷ ಮಾತ್ರ ಅಲ್ಲ. ಆದರೆ ಆ ಹುಡುಗಿಗೆ ಅದರಿಂದ ಏನು ಸಮಾಧಾನ?

ಇನ್ನು ಜಾತಿ. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನೀರಿನ ಬಾಟಲಿ ಮುಟ್ಟಬೇಡ ಅನ್ನುವುದು, ಕೇರಿಯ ಹೆಸರು ಹಿಡಿದು ಕರೆಯುವುದು, ಗ್ರೂಪಿನಲ್ಲಿ ಮೀಸಲಾತಿ ಜೋಕು ಹಾಕಿ ಒಬ್ಬನನ್ನೇ ಟ್ಯಾಗ್ ಮಾಡುವುದು. ಇದೆಲ್ಲ ನಡೆದಾಗಲೂ ರಿಜಿಸ್ಟರಿನಲ್ಲಿ ಬರುವುದು "ಮಕ್ಕಳ ಜಗಳ, ಬುದ್ಧಿ ಹೇಳಲಾಗಿದೆ" ಅಂತ. ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆಗೆ 1989ರಿಂದ ಕಾಯ್ದೆಯೇ ಇದೆ ಅಂತ ಗೊತ್ತಿರುವುದರಿಂದಲೇ ಜಾತಿ ಅನ್ನುವ ಪದ ಬರೆಯಲು ಹೆದರುತ್ತಾರೆ ಅಂತ ನನಗನ್ನಿಸುತ್ತದೆ. ಪದ ಬರೆಯದಿದ್ದರೆ ಮುಂದಿನ ಕೆಲಸವೂ ಇಲ್ಲ. ಅಲ್ಲಿಯೂ ಕೊನೆಗೆ ಕೈ ಕುಲುಕಿಸುವುದೇ.

ನನ್ನ ಕಸುಬಿನವರನ್ನೂ ಬಿಡುವುದಿಲ್ಲ. ಸಮಾಲೋಚಕರ ಹತ್ತಿರ ಮಗುವನ್ನು ಕಳಿಸಿದರೆ ನಾವು ಏನು ಮಾಡುತ್ತೇವೆ? ಆತ್ಮವಿಶ್ವಾಸ ಬೆಳೆಸಿಕೋ, ಇಗ್ನೋರ್ ಮಾಡು, ಉಸಿರಾಟದ ಅಭ್ಯಾಸ ಮಾಡು. ಅಂದರೆ ಏಟು ತಿಂದವನಿಗೇ ಹೋಮ್‌ವರ್ಕ್! ಕಾಟ ಕೊಡುವವರು ಆರಾಮಾಗಿ ಆಟದ ಪೀರಿಯಡ್‌ನಲ್ಲಿ ಇರುತ್ತಾರೆ. ಮಗುವಿಗೆ ಧೈರ್ಯ ತುಂಬುವುದು ಬೇಕು, ಬೇಡ ಅನ್ನುತ್ತಿಲ್ಲ. ಆದರೆ ಅದಷ್ಟೇ ಮಾಡಿದರೆ ನೀನು ಗಟ್ಟಿ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ ಅಂತ ಹೇಳಿದಂತೆಯೇ ಆಗುತ್ತದೆ.

ಕಾನೂನಿನ ಕಡೆ ಜನಕ್ಕೆ ಎರಡು ತಪ್ಪು ತಿಳುವಳಿಕೆ ಇದೆ. ಒಂದು, ಎಲ್ಲಕ್ಕೂ ಕೇಸ್ ಹಾಕಬಹುದು ಅಂತ. ಇನ್ನೊಂದು, ಮಕ್ಕಳ ವಿಷಯ ಅಂದಮೇಲೆ ಕೇಸ್ ಯಾಕೆ, ನಮ್ಮಲ್ಲೇ ಮುಗಿಸಿಕೊಳ್ಳೋಣ ಅಂತ. ಅಣಕಿಸುವ ಸ್ಟಿಕರಿಗೆ ನೇರವಾಗಿ ಹೊಂದುವ ಸೆಕ್ಷನ್ ಹುಡುಕುವುದು ಕಷ್ಟ, ಆ ಪೊಲೀಸರು ಹೇಳಿದ್ದರಲ್ಲಿ ಸುಳ್ಳಿಲ್ಲ. ಆನ್‌ಲೈನ್‌ನಲ್ಲಿ ನೋಯಿಸುವ ಮಾತಿಗೆ ಹಾಕುತ್ತಿದ್ದ ಐಟಿ (ಮಾಹಿತಿ ತಂತ್ರಜ್ಞಾನ) ಕಾಯ್ದೆಯ 66ಎ ಸೆಕ್ಷನ್ ಅನ್ನು ಸುಪ್ರೀಂ ಕೋರ್ಟ್ 2015ರಲ್ಲೇ ರದ್ದು ಮಾಡಿತು. ಅದು ತುಂಬಾ ಅಸ್ಪಷ್ಟವಾಗಿತ್ತು, ಹೋಗಿದ್ದೇ ಒಳ್ಳೆಯದಾಯಿತು. ಆದರೆ ಬೇರೆಯವರ ಹೆಸರು, ಫೋಟೋ ಹಾಕಿ ನಕಲಿ ಅಕೌಂಟ್ ಮಾಡಿದರೆ ಅದೇ ಕಾಯ್ದೆಯಲ್ಲಿ ದಾರಿ ಇದೆ.

ಫೋಟೋವನ್ನು ನಗ್ನವಾಗಿ ಕಾಣುವ ಹಾಗೆ ತಿದ್ದಿದ್ದರೆ, ಈಗಂತೂ ಎಐ ಆ್ಯಪ್‌ಗಳು ಬಂದು ಇದು ಹುಡುಗಾಟದ ಹಾಗೆ ಆಗಿಬಿಟ್ಟಿದೆ, ಆಗ ಮಾತೇ ಬೇರೆ. ಹದಿನೆಂಟು ತುಂಬದ ಮಗುವಿನ ವಿಷಯ ಆದ್ದರಿಂದ ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ 2012ರ ಪೋಕ್ಸೋ ಕಾಯ್ದೆ, ಮಕ್ಕಳ ಅಶ್ಲೀಲ ಚಿತ್ರಗಳ ಬಗ್ಗೆ ಇರುವ ಐಟಿ ಕಾಯ್ದೆಯ 67ಬಿ ಎಲ್ಲ ಬರುತ್ತವೆ. ಗೊತ್ತಾದ ಮೇಲೆ ವರದಿ ಮಾಡುವುದು ಪೋಕ್ಸೋದ 19ನೇ ಸೆಕ್ಷನ್ ಪ್ರಕಾರ ಕಡ್ಡಾಯ. ಮೇಷ್ಟ್ರಿಗೂ, ಡಾಕ್ಟರಿಗೂ, ನನಗೂ. ಮುಚ್ಚಿಟ್ಟರೆ ಆರು ತಿಂಗಳವರೆಗೆ ಶಿಕ್ಷೆ, ಸಂಸ್ಥೆಯ ಮುಖ್ಯಸ್ಥರೇ ತಮ್ಮ ಕೈಕೆಳಗಿನವರ ತಪ್ಪನ್ನು ಮುಚ್ಚಿಟ್ಟರೆ ಒಂದು ವರ್ಷದವರೆಗೆ. ಅಂಥ ಪ್ರಕರಣದಲ್ಲಿ ಎರಡೂ ಮನೆಯವರನ್ನು ಕೂರಿಸಿ, ಊರಿನ ಹಿರಿಯರನ್ನು ಕರೆಸಿ, "ಹುಡುಗಿ ಮರ್ಯಾದೆ ಪ್ರಶ್ನೆ, ಬಿಟ್ಟುಬಿಡಿ" ಅಂತ ಪಂಚಾಯಿತಿ ಮಾಡುವವರು ಸ್ವತಃ ಕಾನೂನಿನ ಕೈಗೆ ಸಿಕ್ಕಿಕೊಳ್ಳುತ್ತಾರೆ. ಇದನ್ನು ಹೇಳಿದಾಗ ಮೀಟಿಂಗಿನಲ್ಲಿ ಒಂದು ಥರಾ ಮೌನ ಆಗುತ್ತದೆ.

ಹಾಗಂತ ಮಾಡಿದ ಹುಡುಗನ ಬದುಕು ಮುಗಿದೇ ಹೋಯಿತು ಅಂತಲೂ ಅಲ್ಲ. ಅವನೂ ಮಗುವೇ. 2015ರ ಬಾಲನ್ಯಾಯ ಕಾಯ್ದೆ ಇದೆ. ಪ್ರತಿ ಠಾಣೆಯಲ್ಲಿ ಒಬ್ಬರು ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಇರಬೇಕು. ಮಗುವನ್ನು ಲಾಕಪ್‌ಗೆ ಹಾಕುವಂತಿಲ್ಲ, ಬೇಡಿ ಹಾಕುವಂತಿಲ್ಲ. ಬಾಲನ್ಯಾಯ ಮಂಡಳಿ ಬುದ್ಧಿ ಹೇಳಿ ಬಿಡಬಹುದು, ಕೌನ್ಸೆಲಿಂಗ್‌ಗೆ ಕಳಿಸಬಹುದು, ಸಮುದಾಯ ಸೇವೆ ಮಾಡಿಸಬಹುದು. ಇದು ಗೊತ್ತಿಲ್ಲದೆ ಎರಡೂ ಕಡೆಯವರು ಹೆದರಿಕೊಂಡು ಒಳಗೊಳಗೇ ಮುಗಿಸಲು ನೋಡುತ್ತಾರೆ. ಟಿಸಿ ಕೊಟ್ಟು ಕಳಿಸಿ ಅನ್ನುವ ಪೋಷಕರೂ ಇದ್ದಾರೆ. ಎಂಟನೇ ತರಗತಿ ಮುಗಿಯುವವರೆಗೆ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕುವಂತಿಲ್ಲ, ಶಿಕ್ಷಣ ಹಕ್ಕು ಕಾಯ್ದೆ ಹಾಗೆ ಹೇಳುತ್ತದೆ. ನಾನು ನೋಡಿದ ಮಟ್ಟಿಗೆ ಕೊನೆಗೆ ಟಿಸಿ ತಗೊಂಡು ಹೋಗುವುದು ಬಹುಪಾಲು ಕಾಟ ತಿಂದ ಮಗುವೇ.

ಮತ್ತೆ ಏನು ಮಾಡಬೇಕು ಅಂದರೆ, ಮೊದಲು ಇಬ್ಬರನ್ನು ಬಿಟ್ಟು ಮಿಕ್ಕ ನಲವತ್ತು ಜನರನ್ನು ನೋಡಬೇಕು. ಫಿನ್‌ಲೆಂಡಿನಲ್ಲಿ ಕ್ರಿಸ್ಟಿನಾ ಸಾಲ್ಮಿವಾಲಿ ಅನ್ನುವವರು ಸಂಗಡಿಗರ ಜೊತೆ ಸೇರಿ 1996ರಲ್ಲೇ ತೋರಿಸಿದ್ದು ಇದನ್ನೇ. ಕ್ಲಾಸಿನಲ್ಲಿ ಒಬ್ಬ ಕಾಟ ಕೊಡುತ್ತಿದ್ದರೆ ಕೆಲವರು ಅವನಿಗೆ ಸಹಾಯಕರು, ಕೆಲವರು ನಕ್ಕು ಹುರಿದುಂಬಿಸುವವರು, ಕೆಲವರು ನೋಡಿಯೂ ನೋಡದವರು, ಒಂದಿಷ್ಟು ಜನ ಮಾತ್ರ ಏಟು ತಿಂದವನ ಪರ ನಿಲ್ಲುವವರು. ನಗು ಬರದಿದ್ದರೆ ಆಟ ನಡೆಯುವುದಿಲ್ಲ. ಟೆಂಟ್ ಸಿನಿಮಾದಲ್ಲಿ ಜನ ಶಿಳ್ಳೆ ಹೊಡೆಯುವುದು ನಿಲ್ಲಿಸಿದರೆ ಆಪರೇಟರ್‌ಗೇ ಬೇಜಾರಾಗುವ ಹಾಗೆ. ಇದರ ಮೇಲೆ ಅವರು ಟುರ್ಕು ವಿಶ್ವವಿದ್ಯಾಲಯದಲ್ಲಿ ಕಟ್ಟಿದ ಕೀವಾ ಅನ್ನುವ ಕಾರ್ಯಕ್ರಮ 2009ರಿಂದ ಆ ದೇಶದ ಶಾಲೆಗಳಲ್ಲಿ ಹಬ್ಬಿತು.

ಅದರಲ್ಲಿ ನನಗೆ ಇಷ್ಟವಾಗುವುದು ಕೆಲಸದ ಕ್ರಮ. ಮೊದಲು ಕಾಟ ತಿಂದ ಮಗುವಿನ ಜೊತೆ ಒಂಟಿಯಾಗಿ ಮಾತು. ಆಮೇಲೆ ಕಾಟ ಕೊಟ್ಟವರನ್ನು ಒಬ್ಬೊಬ್ಬರನ್ನಾಗಿ ಕರೆಯುವುದು, ಒಂದು ಗುಂಪಾಗಿ ಬಂದು ಕಥೆ ಹೊಂದಿಸಿಕೊಳ್ಳಲು ಬಿಡದೆ. ಆಮೇಲೆ ಕ್ಲಾಸ್ ಟೀಚರ್ ಎರಡು ಮೂರು ಒಳ್ಳೆಯ ಮಕ್ಕಳನ್ನು ಕರೆದು "ಅವನ ಜೊತೆ ಸ್ವಲ್ಪ ಇರಿ" ಅನ್ನುವುದು. ಒಂದೆರಡು ವಾರ ಬಿಟ್ಟು ಮತ್ತೆ ಎಲ್ಲರನ್ನೂ ಕರೆದು ಕಾಟ ನಿಂತಿದೆಯಾ ಅಂತ ಕೇಳುವುದು. ಕೊನೆಯದನ್ನು ನಮ್ಮಲ್ಲಿ ಯಾರೂ ಮಾಡುವುದಿಲ್ಲ. ಇದಕ್ಕೆ ದುಡ್ಡು ಬೇಡ, ಸ್ಮಾರ್ಟ್ ಬೋರ್ಡ್ ಬೇಡ.

ಆ ತೆಲುಗು ಹುಡುಗನ ವಿಷಯದಲ್ಲಿ ಇದರ ಒಂದು ನಾಟಿ ಆವೃತ್ತಿಯನ್ನು ಪ್ರಯತ್ನಿಸಿದೆವು. ಅವನ ಕ್ಲಾಸ್ ಟೀಚರ್ ಗಟ್ಟಿಗಿತ್ತಿ, ಅವರ ಮನೆಮಾತೂ ತೆಲುಗು. ರೆಕಾರ್ಡ್ ಮಾಡಿದವನನ್ನು ಒಬ್ಬನನ್ನೇ ಕೂರಿಸಿಕೊಂಡು, ಬೈಯದೆ, ಈ ಹುಡುಗ ಈಗ ಹೇಗಿದ್ದಾನೆ ಅಂತ ಹೇಳಿ, ನೀನು ಏನು ಮಾಡ್ತೀಯ ಅಂತ ಕೇಳಿದರು. ಗ್ರೂಪಿನ ಅಡ್ಮಿನ್ ಬೇರೆ ಹುಡುಗ, ಅವನ ಜೊತೆ ಬೇರೆ ಮಾತು. ಸ್ಟಿಕರ್ ಪೂರ್ತಿ ಅಳಿಸಲು ಆಗುವುದಿಲ್ಲ, ಅದು ಯಾರ್‍ಯಾರ ಫೋನಿನಲ್ಲಿ ಉಳಿದಿದೆಯೋ. ಆದರೆ ಕ್ಲಾಸಿನಲ್ಲಿ ಆ ರಾಗ ನಿಂತಿತು. ಬಸ್ ಸ್ಟ್ಯಾಂಡಿನಲ್ಲಿ ಇನ್ನೂ ಒಂದಿಬ್ಬರು ಕರೆಯುತ್ತಾರಂತೆ. ಹೊಟ್ಟೆನೋವು ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ.

ಅಪ್ಪ ಅಮ್ಮಂದಿರಿಗೆ ಒಂದೆರಡು ಮಾತು. ಮಗು ಬಂದು ಹೇಳಿದ ತಕ್ಷಣ ಫೋನ್ ಕಿತ್ತುಕೊಳ್ಳಬೇಡಿ. ಮುಂದಿನ ಸಲ ಅದು ಹೇಳುವುದೇ ಇಲ್ಲ. ಎರಡನೆಯದು, ಸಿಟ್ಟಿನಲ್ಲಿ ಎಲ್ಲ ಡಿಲೀಟ್ ಮಾಡಬೇಡಿ. ಮೆಸೇಜು, ಅಕೌಂಟಿನ ಹೆಸರು, ತಾರೀಕು, ಸಮಯ ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದಿಡಿ, ಆಮೇಲೆ ರಿಪೋರ್ಟ್, ಬ್ಲಾಕ್. ನಗ್ನ ಚಿತ್ರ ಆಗಿದ್ದರೆ ಮಾತ್ರ ಸ್ಕ್ರೀನ್‌ಶಾಟ್ ತೆಗೆದು ಅವರಿವರಿಗೆ ತೋರಿಸಲು ಹೋಗಬೇಡಿ, ಹಾಗೆ ಹಂಚುವುದೇ ಅಪರಾಧ. ಸೀದಾ ಠಾಣೆಗೆ ಹೋಗಿ, ಜಿಲ್ಲಾ ಕೇಂದ್ರದಲ್ಲಿ ಸೈಬರ್ ಅಪರಾಧಗಳನ್ನು ನೋಡುವ ಸೆನ್ ಠಾಣೆ ಅಂತಲೇ ಇದೆ. ಕೇಂದ್ರದ ಸೈಬರ್ ಕ್ರೈಮ್ ಪೋರ್ಟಲ್‌ನಲ್ಲೂ ದೂರು ಕೊಡಬಹುದು, ಮಕ್ಕಳ ಇಂಥ ವಿಷಯಕ್ಕೆ ಹೆಸರು ಹೇಳದೆ ಕೊಡಲೂ ಅವಕಾಶ ಇದೆ. ಹದಿನೆಂಟರೊಳಗಿನವರ ಇಂಥ ಚಿತ್ರ ಇನ್‌ಸ್ಟಾಗ್ರಾಂ, ಫೇಸ್‌ಬುಕ್ ಮುಂತಾದ ಕಡೆ ಹರಡದಂತೆ ತಡೆಯಲು 'ಟೇಕ್ ಇಟ್ ಡೌನ್' ಅನ್ನುವ ಉಚಿತ ಸೇವೆ 2023ರಿಂದ ಇದೆ, ಚಿತ್ರವನ್ನು ಅವರಿಗೆ ಕಳಿಸಬೇಕಾಗಿಲ್ಲ. ಮಕ್ಕಳ ಸಹಾಯವಾಣಿ 1098, ದಿನಪೂರ್ತಿ. ಮಗು ಸಾಯುವ ಮಾತಾಡಿದರೆ ಬೆಳಗಾಗಲಿ ಅಂತ ಕಾಯಬೇಡಿ, ಜೊತೆಯಲ್ಲೇ ಇರಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ.

ಮೊನ್ನೆ ಒಂದು ಶಾಲೆಯಿಂದ ಫೋನ್ ಬಂದಿತ್ತು. ಮಕ್ಕಳಿಗೆ "ಮೊಬೈಲ್ ದುಷ್ಪರಿಣಾಮಗಳು" ಅಂತ ಒಂದು ಗಂಟೆ ಭಾಷಣ ಮಾಡಬೇಕಂತೆ, ಸನ್ಮಾನ ಬೇರೆ ಇದೆಯಂತೆ. ಭಾಷಣ ಬೇಡ ಸಾರ್, ಆ ಒಂದು ಗಂಟೆ ನನಗೆ ನಿಮ್ಮ ವ್ಯಾನ್ ಡ್ರೈವರುಗಳು, ಆಯಾ, ಬಿಸಿಯೂಟದ ಅಕ್ಕಂದಿರು, ವಾಚ್‌ಮನ್ ಇವರನ್ನು ಕೊಡಿ ಅಂದೆ. ಯಾಕೆಂದರೆ ಕಾಟ ನಡೆಯುವುದು ಪಾಠದ ಹೊತ್ತಿನಲ್ಲಿ ಕಡಿಮೆ. ಟಾಯ್ಲೆಟ್ ಹತ್ತಿರ, ಊಟದ ಸಾಲಿನಲ್ಲಿ, ವ್ಯಾನಿನ ಹಿಂದಿನ ಸೀಟಿನಲ್ಲಿ ಜಾಸ್ತಿ. ಬಿಡುವಿನ ಹೊತ್ತಿನಲ್ಲಿ ದೊಡ್ಡವರು ಓಡಾಡುವ ಶಾಲೆಗಳಲ್ಲಿ ಕಾಟ ಕಡಿಮೆ ಅಂತ ಓಲ್ವೇಯಸ್ ಆಗಲೇ ಗಮನಿಸಿದ್ದರು. ಯಾರು ಯಾರ ಪಕ್ಕ ಕೂರುವುದಿಲ್ಲ, ಯಾರ ತಟ್ಟೆಯಿಂದ ಮೊಟ್ಟೆ ಮಾಯವಾಗುತ್ತದೆ ಅನ್ನುವುದು ಸಾರು ಬಡಿಸುವ ಅಕ್ಕನಿಗೆ ಗೊತ್ತಿರುವಷ್ಟು ನನಗೂ ಗೊತ್ತಿಲ್ಲ, ಹೆಡ್‌ಮಾಸ್ಟರಿಗೂ ಗೊತ್ತಿಲ್ಲ. ಅವರನ್ನು ಯಾರೂ ಯಾವತ್ತೂ ಕೇಳಿಲ್ಲ ಅಷ್ಟೆ.

"ಡ್ರೈವರುಗಳಿಗಾ ಮೇಡಂ?" ಅಂದರು ಅವರು. ಹೌದು ಸಾರ್ ಅಂದೆ. ಮ್ಯಾನೇಜ್‌ಮೆಂಟ್ ಕೇಳಿ ಹೇಳುತ್ತೇನೆ ಅಂದಿದ್ದಾರೆ.